ಊಟ ಆಯ್ತಾ ಅಂತ ಕೇಳುವ ಊರಿನಲ್ಲಿ

2022ರ ಸೆಪ್ಟೆಂಬರ್ ಕೊನೆಯ ವಾರ. ಕೊರಿಯಾದ ಸಿಯೋಲ್‌ನ ದಕ್ಷಿಣಕ್ಕಿರುವ ಪಾಂಗ್ಯೊದ ಆಫೀಸಿನಲ್ಲಿ ನನ್ನ ಮೊದಲ ದಿನ. ಮೀಟಿಂಗ್ ರೂಮಿನಲ್ಲಿ ಆರು ಜನ ಎದ್ದು ನಿಂತಿದ್ದರು. ಎಲ್ಲರ ಮುಖಕ್ಕೂ ಮಾಸ್ಕ್. ಹೊರಗಡೆ ಮಾಸ್ಕ್ ಹಾಕಲೇಬೇಕು ಅನ್ನುವ ನಿಯಮ ಅದೇ ವಾರ ಪೂರ್ತಿ ಹೋಗಿತ್ತು. ಕಟ್ಟಡದ ಒಳಗೆ ಮಾತ್ರ ಇನ್ನೂ ಇತ್ತು. ಹಾಗಾಗಿ ನನಗೆ ಕಂಡದ್ದು ಬರೀ ಕಣ್ಣುಗಳು ಮತ್ತು ಕೈಗಳು.

ಒಬ್ಬೊಬ್ಬರಾಗಿ ಹತ್ತಿರ ಬಂದರು. ಸೊಂಟದಿಂದ ಸ್ವಲ್ಪ ಬಾಗಿ, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಓದುವುದಕ್ಕೆ ಸರಿಯಾಗಿ ಅಕ್ಷರಗಳು ನನ್ನ ಕಡೆ ತಿರುಗಿದ್ದವು. ನಾನು ಬಲಗೈ ಚಾಚಿ ತಗೊಂಡೆ, ಥ್ಯಾಂಕ್ಯೂ ಅಂದೆ, ಬ್ಯಾಗಿನ ಜೇಬಿಗೆ ಹಾಕಿಕೊಂಡೆ. ನಮ್ಮ ತಿಪಟೂರಿನ ಮನೆಯಲ್ಲಿ "ಎಡಗೈಯಲ್ಲಿ ಏನೂ ಕೊಡಬೇಡ, ಏನೂ ತಗೋಬೇಡ" ಅಂತ ಹೇಳಿ ಹೇಳಿ ಬೆಳೆಸಿದ ಕೈ ಅದು. ಮರ್ಯಾದೆ ಅಂತಲೇ ಒಂದು ಕೈ ಚಾಚಿದ್ದೆ. ಎದುರಿಗಿದ್ದವರಿಗೆ ಅದು ಹಾಗೆ ಕಾಣಲಿಲ್ಲ.

ಕೂತ ಮೇಲೆ ನೋಡಿದೆ. ಅವರೆಲ್ಲ ನನ್ನ ಕಾರ್ಡನ್ನು ಮೇಜಿನ ಮೇಲೆ ತಮ್ಮ ಮುಂದೆ ನೇರವಾಗಿ ಇಟ್ಟುಕೊಂಡಿದ್ದರು. ಮೀಟಿಂಗ್ ಮುಗಿಯುವ ತನಕ ಅದು ಅಲ್ಲೇ ಇತ್ತು. ಅವರ ಆರು ಕಾರ್ಡ್ ಮಾತ್ರ ನನ್ನ ಬ್ಯಾಗಿನ ಕತ್ತಲೆಯಲ್ಲಿತ್ತು.

ಅವತ್ತು ಸಂಜೆ ನಮ್ಮ ತಂಡದ ಪಾರ್ಕ್ ಗ್ವಾಜಾಂಗ್‌ನಿಮ್ (ಗ್ವಾಜಾಂಗ್ ಅನ್ನೋದು ಅವರ ಹುದ್ದೆ) ನನ್ನನ್ನು ಕಾಫಿಗೆ ಕರೆದುಕೊಂಡು ಹೋದರು. ನನಗಿಂತ ನಾಲ್ಕು ವರ್ಷ ದೊಡ್ಡವರು, ಇಬ್ಬರು ಮಕ್ಕಳ ತಾಯಿ. ತಪ್ಪು ಮಾಡಿದಿರಿ ಅಂತ ಅವರು ಹೇಳಲಿಲ್ಲ. ಕಾಫಿ ಲೋಟವನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈ ಹತ್ತಿರ ಇಟ್ಟುಕೊಂಡು ನನ್ನ ಕಡೆ ಚಾಚಿದರು. "ಹೀಗೆ ಕೊಟ್ಟರೂ ಆಗುತ್ತೆ. ಎರಡನೇ ಕೈ ಎಲ್ಲಿದೆ ಅನ್ನೋದು ಕಾಣಬೇಕು, ಅಷ್ಟೇ" ಅಂದರು. ನೋಡಿದ ಕೂಡಲೇ ನನಗೆ ದೇವಸ್ಥಾನದಲ್ಲಿ ತೀರ್ಥ ತಗೊಳ್ಳುವುದು ನೆನಪಾಯಿತು. ಅಲ್ಲೂ ಬಲಗೈ ಕೆಳಗೆ ಎಡಗೈ ಬಂದು ಕೂರುತ್ತೆ ಅಲ್ವಾ? ಆಮೇಲೆ ಆ ಅಭ್ಯಾಸ ಬರೋಕೆ ಎರಡು ದಿನವೂ ಬೇಕಾಗಲಿಲ್ಲ. ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಕೊಡುವಾಗ, ಚಿಲ್ಲರೆ ತಗೊಳ್ಳುವಾಗ, ಪಕ್ಕದವರಿಗೆ ಪೆನ್ನು ಕೊಡುವಾಗ, ಎಲ್ಲ ಕಡೆ ಎರಡನೇ ಕೈ ತಾನಾಗಿ ಬರತೊಡಗಿತು.

ಹೆಸರಿನ ವಿಷಯ ಅಷ್ಟು ಬೇಗ ಬರಲಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ನಮ್ಮ ಡೈರೆಕ್ಟರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದೆವು. ಇಲ್ಲಿ ಹೆಸರು ಹಿಡಿಯುವುದೇ ಇಲ್ಲ. ಮನೆತನದ ಹೆಸರು, ಹುದ್ದೆ, ಕೊನೆಗೆ "ನಿಮ್", ನಮ್ಮ "ಅವರೇ" ಇದ್ದ ಹಾಗೆ. ಕಿಮ್ ಬುಜಾಂಗ್‌ನಿಮ್, ಪಾರ್ಕ್ ಗ್ವಾಜಾಂಗ್‌ನಿಮ್. ಹೊಸಬರು ಸಾವೊನ್, ಆಮೇಲೆ ದೇರಿ, ಗ್ವಾಜಾಂಗ್, ಚಾಜಾಂಗ್, ಬುಜಾಂಗ್. ಅದರ ಮೇಲೆ ಇನ್ನೂ ಮೆಟ್ಟಿಲುಗಳಿವೆ. ಕೊರಿಯಾದಲ್ಲಿ ಐದು ಜನರಲ್ಲಿ ಒಬ್ಬರು ಕಿಮ್. ಕಿಮ್, ಲೀ, ಪಾರ್ಕ್ ಮೂರು ಸೇರಿದರೆ ಜನಸಂಖ್ಯೆಯ ಅರ್ಧದ ಹತ್ತಿರ ಬರುತ್ತೆ. ಹುದ್ದೆ ಹೇಳದೆ ಬರೀ ಕಿಮ್ ಅಂದರೆ ಯಾರು ತಿರುಗಿ ನೋಡಬೇಕು?

ನನ್ನ ಹಳೆಯ ಕಾರ್ಡಿನಲ್ಲಿ ಸೀನಿಯರ್ ಎಂಜಿನಿಯರ್ ಅಂತಿತ್ತು. ಅದು ಇಲ್ಲಿ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಯಾರ ಮುಂದೆ ಎಷ್ಟು ಬಾಗಬೇಕು, ನನ್ನನ್ನು ಎಲ್ಲಿ ಕೂರಿಸಬೇಕು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಎರಡನೇ ವಾರ ಹೊಸ ಕಾರ್ಡ್ ಬಂತು. ಅದರಲ್ಲಿ ನಾನು ದೇರಿ. ಅವತ್ತಿನಿಂದ ಜನ ನನ್ನ ಜೊತೆ ಸಲೀಸಾಗಿ ಮಾತಾಡಿದರು. ಮೊದಮೊದಲು ಇದು ನನಗೆ ಕಷ್ಟ ಅನಿಸಿತು, ಮನುಷ್ಯರನ್ನು ಮೆಟ್ಟಿಲಿನ ಮೇಲೆ ನಿಲ್ಲಿಸಿದ ಹಾಗೆ. ಆದರೆ ನಮ್ಮೂರಿನಲ್ಲಿ ಅಪ್ಪ ಶಾಲೆಯ ಮೇಷ್ಟ್ರನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಮೇಷ್ಟ್ರೇ, ಡಾಕ್ಟ್ರೇ, ಗೌಡ್ರೇ. ಅದನ್ನು ನಾನು ಬೆಂಗಳೂರಿಗೆ ಬಂದು ಕಳೆದುಕೊಂಡಿದ್ದೆ, ಅಷ್ಟೇ. ಈಗ ಇಲ್ಲೂ ಎಲ್ಲ ಕಡೆ ಹೀಗೇ ಇಲ್ಲ. ಸಿಜೆ ಕಂಪನಿಯವರು 2000ದಲ್ಲೇ ಹುದ್ದೆ ಬಿಟ್ಟು ಎಲ್ಲರಿಗೂ ಬರೀ "ನಿಮ್" ಸೇರಿಸಿ ಕರೆಯೋಕೆ ಶುರು ಮಾಡಿದರು. ಕಾಕಾವೊ ಅನ್ನುವ ಕಂಪನಿಯಲ್ಲಿ ಒಬ್ಬರನ್ನೊಬ್ಬರು ಇಂಗ್ಲಿಷ್ ಹೆಸರಿನಲ್ಲಿ ಕರೆಯುತ್ತಾರೆ. ಹಾಗಾಗಿ ಹೊಸದಾಗಿ ಬರುವವರಿಗೆ ನನ್ನ ಮೊದಲ ಮಾತು ಇದು: ನಿಮ್ಮ ಆಫೀಸಿನಲ್ಲಿ ಹೇಗೆ ಕರೆಯುತ್ತಾರೆ ಅಂತ ಎರಡು ದಿನ ಸುಮ್ನೆ ಕೇಳಿಸಿಕೊಳ್ಳಿ, ಆಮೇಲೆ ಬಾಯಿ ಬಿಡಿ.

ಮೂರನೇ ದಿನ ಪಕ್ಕದ ಸೀಟಿನ ಹುಡುಗ ಕೇಳಿದ, "ನೀವು ಹುಟ್ಟಿದ್ದು ಯಾವ ವರ್ಷ?" ನನಗೆ ಗಾಬರಿಯಾಯಿತು. ಅವನಿಗೆ ಇದ್ದದ್ದು ಕುತೂಹಲ ಅಲ್ಲ, ಅಗತ್ಯ. ನಾನು ದೊಡ್ಡವಳೋ ಚಿಕ್ಕವಳೋ ಗೊತ್ತಾಗದೆ ಅವನು ವಾಕ್ಯ ಮುಗಿಸುವ ಹಾಗಿಲ್ಲ. ನಾನು ಹುಟ್ಟಿದ್ದು 1990ರ ಡಿಸೆಂಬರ್. ನನ್ನ ಲೆಕ್ಕಕ್ಕೆ ಆಗ 31 ವರ್ಷ. ಅವನ ಲೆಕ್ಕಕ್ಕೆ 33. ಅವರಲ್ಲಿ ಮಗು ಹುಟ್ಟಿದ ಕೂಡಲೇ ಒಂದು ವರ್ಷ, ಆಮೇಲೆ ಪ್ರತಿ ಜನವರಿ 1ಕ್ಕೆ ಒಂದೊಂದು. ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗೆ ಜನವರಿ ಬರುವಷ್ಟರಲ್ಲಿ ಎರಡು ವರ್ಷ ಆಗಿರುತ್ತೆ. 2023ರ ಜೂನ್ 28ರಿಂದ ಕಾನೂನಿನ ಪ್ರಕಾರ ಹೆಚ್ಚಿನ ಕಡೆ ನಮ್ಮ ಹಾಗೇ ಹುಟ್ಟುಹಬ್ಬದ ಲೆಕ್ಕ ಬಂತು. ನಮ್ಮ ಆಫೀಸಿನಲ್ಲಿ ಅವತ್ತು ಎಲ್ಲರೂ ತಮ್ಮ ವಯಸ್ಸು ಇಳಿಯಿತು ಅಂತ ಖುಷಿಪಟ್ಟರು. ಆದರೂ ಹೊಸಬರು ಸಿಕ್ಕಿದಾಗ ಈಗಲೂ ಕೇಳುವುದು ಹುಟ್ಟಿದ ವರ್ಷವನ್ನೇ.

ಭಾಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನ ಮಟ್ಟಿಗೆ ಎಲ್ಲವೂ ಇಲ್ಲೇ ಇತ್ತು.

ಅಕ್ಷರ ಕಲಿಯೋಕೆ ಒಂದು ವಾರ ಸಾಕಾಯಿತು. ಸೆಜೋಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಜನರಿಗೆ ಕೊಟ್ಟ ಲಿಪಿ ಅದು. ಕಲಿಯೋಕೆ ಸುಲಭವಾಗಲಿ ಅಂತಲೇ ಮಾಡಿದ್ದು. ಮಾತು ಕಲಿಯುವಾಗ ಮಾತ್ರ ನನಗೆ ಆಗಾಗ ಮನೆಗೆ ಬಂದ ಹಾಗೆ ಆಗುತ್ತಿತ್ತು. ಅಪ್ಪನಿಗೆ ಅವರೂ ಅಪ್ಪಾ ಅಂತಾರೆ. ಅಮ್ಮ ಅಂದರೆ ಒಮ್ಮಾ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ. ಒಬ್ಬಳೇ ಮಗಳಾದರೂ "ನನ್ನ ಅಮ್ಮ" ಅನ್ನುವುದಿಲ್ಲ, "ಉರಿ ಒಮ್ಮಾ" ಅಂತಾರೆ. ಅಂದರೆ ನಮ್ಮ ಅಮ್ಮ. ನಮ್ಮ ಮನೆ, ನಮ್ಮ ಕಂಪನಿ, ಕೊನೆಗೆ ನಮ್ಮ ಗಂಡ ಅಂತಲೂ ಹೇಳುತ್ತಾರೆ. ಇಂಗ್ಲಿಷ್ ಮಾತಾಡುವ ಸಹೋದ್ಯೋಗಿಯೊಬ್ಬರಿಗೆ ಇದು ತುಂಬಾ ವಿಚಿತ್ರ ಅನಿಸುತ್ತಿತ್ತು. ನಮ್ಮನೆಯವರು ಅಂತ ಹೇಳಿ ಬೆಳೆದ ನನಗೆ ಏನೂ ಅನಿಸಲಿಲ್ಲ. ಆಫೀಸಿನಿಂದ ಹೊರಗಿನ ಕೆಲಸಕ್ಕೆ ಹೊರಡುವಾಗ ಬರೀ "ಹೋಗ್ತೀನಿ" ಅಂದರೆ ಚೆನ್ನಾಗಿರಲ್ಲ. "ದಾನ್ಯೊ ಒಗೆಸ್ಸುಮ್ನಿದಾ" ಅನ್ನಬೇಕು. ಅರ್ಥ ಕೇಳಿದಾಗ ನನ್ನ ಕಣ್ಣು ತುಂಬಿ ಬಂತು. ಹೋಗಿ ಬರ್ತೀನಿ.

ಮರ್ಯಾದೆ ಇರುವುದು ಕ್ರಿಯಾಪದದ ತುದಿಯಲ್ಲಿ. ಅವರೂ ನಮ್ಮ ಹಾಗೇ ಊಟ ಆಯ್ತಾ ಅಂತ ಕೇಳುವ ಜನ. ಅದು ಊಟದ ವಿಚಾರಣೆಗಿಂತ ಜಾಸ್ತಿ ಯೋಗಕ್ಷೇಮದ ಮಾತು. ಸರೀಕರಿಗೆ, ಹೊಸಬರಿಗೆ "ಬಾಪ್ ಮೊಗೊಸ್ಸೊಯೊ?" ಅಂದರೆ ಸರಿ. ಬಾಪ್ ಅಂದರೆ ಅನ್ನ. ಹಿರಿಯರಿಗೆ ಮಾತ್ರ ಪದಗಳೇ ಬೇರೆ, "ಸಿಕ್ಸಾ ಹಾಸ್ಯೊಸ್ಸೊಯೊ?" ಅನ್ನಬೇಕು. ಇನ್ನು ತಮ್ಮಂದಿರಿಗೆ, ಮಕ್ಕಳಿಗೆ, ಜೀವದ ಗೆಳೆಯರಿಗೆ ಬರೀ "ಬಾಪ್ ಮೊಗೊಸ್ಸೊ?" ಆ ಕೊನೆಯ "ಯೊ" ಬಿದ್ದು ಹೋಗುತ್ತೆ. ನಮ್ಮ "ಊಟ ಮಾಡಿದ್ರಾ" ಮತ್ತು "ಊಟ ಮಾಡಿದ್ಯಾ" ಇದ್ದ ಹಾಗೆ. ಯೊ ಇಲ್ಲದ ಮಾತಿಗೆ ಬಾನ್‌ಮಲ್ ಅಂತ ಹೆಸರು. ಅರ್ಧ ಮಾತು ಅಂತ ಅರ್ಥ.

ನಮ್ಮ ಮುಖ್ಯಸ್ಥರಾದ ಕಿಮ್ ಬುಜಾಂಗ್‌ನಿಮ್ ತಂಡದಲ್ಲಿ ತಮ್ಮ ಹಳಬರ ಜೊತೆ ಬಾನ್‌ಮಲ್‌ನಲ್ಲೇ ಮಾತಾಡುತ್ತಿದ್ದರು. ಪಾರ್ಕ್ ಗ್ವಾಜಾಂಗ್‌ನಿಮ್ ಅವರ ಕೈಕೆಳಗೆ ಹತ್ತು ವರ್ಷ ದುಡಿದವರು. ನನ್ನ ಹತ್ತಿರ ಬಂದಾಗ ಮಾತ್ರ ಪೂರ್ತಿ ಮಾತು, ಪ್ರತಿ ವಾಕ್ಯಕ್ಕೂ ಯೊ. ಮೊದಲು ಇದನ್ನು ಗೌರವ ಅಂದುಕೊಂಡೆ. ಗೌರವವೇ ಹೌದು. ಆದರೆ ತಿಂಗಳುಗಳು ಕಳೆದ ಮೇಲೆ ಗೊತ್ತಾಯಿತು, ಮನೆಗೆ ಬಂದ ನೆಂಟರಿಗೆ ಸಿಗುವ ಗೌರವ ಅದು. ಆ ತಂಡದಲ್ಲಿ ನನಗೆ ಮಾತ್ರ ನೀವು. ಬಾನ್‌ಮಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹುದ್ದೆ ದೊಡ್ಡದು ಅಂತ ಗುರುತಿಲ್ಲದವರಿಗೆ ಏಕವಚನ ಎಸೆಯುವ ಜನ ಇಲ್ಲೂ ಇದ್ದಾರೆ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರಿಗೆ ಅದರ ನೋವು ದಿನವೂ ಇದೆ. ಅದನ್ನು ಸಂಸ್ಕೃತಿ ಅಂತ ಒಪ್ಪಿಕೊಳ್ಳೋಕೆ ನನ್ನಿಂದ ಆಗಲ್ಲ. ನಾನು ಹೇಳುತ್ತಿರುವುದು ಜೊತೆಯಲ್ಲಿ ವರ್ಷಗಟ್ಟಲೆ ಬಾಳಿದವರ ನಡುವಿನ ಏಕವಚನದ ಬಗ್ಗೆ.

ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದು ಮೇಲ್. ನವೆಂಬರ್ ತಿಂಗಳು. ಟೆಸ್ಟಿಂಗ್‌ಗೆ ಇನ್ನೂ ಎರಡು ವಾರ ಬೇಕಿತ್ತು. ಬೆಂಗಳೂರಿನಲ್ಲಿ ಮಾಡುವ ಹಾಗೆ ನೇರವಾಗಿ ಬುಜಾಂಗ್‌ನಿಮ್‌ಗಿಂತ ಮೇಲಿನ ನಿರ್ದೇಶಕರಿಗೇ ಬರೆದೆ. ವಿಷಯ ಸ್ಪಷ್ಟವಾಗಿತ್ತು, ಭಾಷೆ ವಿನಯವಾಗಿತ್ತು. ಅವರಿಂದ ಉತ್ತರವೂ ಬಂತು. ಆದರೆ ಆ ದಿನದಿಂದ ನಮ್ಮ ಸಾಲಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಇಲ್ಲಿ ಒಂದು ನಿರ್ಧಾರ ಆಗಬೇಕಾದರೆ ಕಾಗದ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ದೇರಿ ಬರೆದದ್ದನ್ನು ಗ್ವಾಜಾಂಗ್ ನೋಡಬೇಕು, ಆಮೇಲೆ ಚಾಜಾಂಗ್, ಆಮೇಲೆ ಬುಜಾಂಗ್. ಒಬ್ಬೊಬ್ಬರ ಒಪ್ಪಿಗೆ ಬಿದ್ದ ಮೇಲೆಯೇ ಮುಂದಕ್ಕೆ. ಇದಕ್ಕೆ ಗ್ಯೊಲ್ಜೆ ಅಂತಾರೆ. ಈಗ ಎಲ್ಲ ಕಂಪ್ಯೂಟರಿನಲ್ಲೇ ನಡೆದರೂ ದಾರಿ ಅದೇ. ನಡುವೆ ಇದ್ದ ಮೂರು ಜನರನ್ನು ದಾಟಿ ನಾನು ಮೇಲೆ ಹೋಗಿದ್ದೆ. ಕೆಳಗಿನವಳು ತೊಂದರೆ ಹೇಳಿಕೊಂಡರೂ ಇವರಿಗೆ ಗೊತ್ತೇ ಇರಲಿಲ್ಲ ಅಂತ ಆ ಮೂವರೂ ಮೇಲಿನವರ ಮುಂದೆ ತಲೆ ತಗ್ಗಿಸುವ ಹಾಗಾಯಿತು.

ಯಾರೂ ಬೈಯಲಿಲ್ಲ. ಅದೇ ನನಗೆ ಕಷ್ಟವಾಗಿದ್ದು. ನಾಲ್ಕು ದಿನ ಆದ ಮೇಲೆ ಪಾರ್ಕ್ ಗ್ವಾಜಾಂಗ್‌ನಿಮ್ ಬಿಡಿಸಿ ಹೇಳಿದರು. ಆಗ ನುಂಚಿ ಅನ್ನುವ ಪದವನ್ನೂ ಹೇಳಿಕೊಟ್ಟರು. ಬಾಯಿ ಬಿಟ್ಟು ಹೇಳದ್ದನ್ನು ಮುಖ ನೋಡಿ, ಮೌನ ನೋಡಿ ತಿಳಿದುಕೊಳ್ಳುವುದು. "ಹೇಳೋ ತನಕ ಕಾಯಬೇಡಿ. ರೂಮಿಗೆ ಬಂದ ಕೂಡಲೇ ಗಾಳಿ ಹೇಗಿದೆ ನೋಡಿ" ಅಂದರು. ಮರುದಿನ ಬೆಳಿಗ್ಗೆ ನಾನು ಮೂವರ ಹತ್ತಿರವೂ ಒಬ್ಬೊಬ್ಬರಾಗಿ ಹೋಗಿ, ನಿಂತು, ಬಾಗಿ ಕ್ಷಮೆ ಕೇಳಿದೆ. ಚಾಜಾಂಗ್‌ನಿಮ್ ಎದ್ದು ನಿಂತು ತಾವೂ ತಲೆ ಬಾಗಿಸಿದರು. ಅವತ್ತು ಮಧ್ಯಾಹ್ನ ಮತ್ತೆ ಊಟಕ್ಕೆ ಕರೆದರು.

ತಲೆ ಅಂದಾಗ ನೆನಪಾಯಿತು. ಹ್ಞೂಂ ಅನ್ನುವಾಗ ನಾವು ತಲೆಯನ್ನು ಪಕ್ಕಕ್ಕೆ ತೂಗುತ್ತೇವಲ್ಲ, ಅದು ಅವರಿಗೆ ಇಲ್ಲ ಅಂದ ಹಾಗೆ ಕಾಣುತ್ತೆ. ಶುಕ್ರವಾರಕ್ಕೆ ಆಗುತ್ತಾ ಅಂತ ಬುಜಾಂಗ್‌ನಿಮ್ ಕೇಳಿದಾಗ ತಲೆ ತೂಗಿದೆ. ಅವರು ಮುಖ ಸಣ್ಣದು ಮಾಡಿಕೊಂಡು ಸೋಮವಾರಕ್ಕೆ ಬದಲಾಯಿಸಿಬಿಟ್ಟರು. ಆಮೇಲಿಂದ ಬಾಯಲ್ಲೇ "ನೇ" ಅನ್ನುವುದನ್ನು ರೂಢಿ ಮಾಡಿಕೊಂಡೆ. ಅವರ ಭಾಷೆಯಲ್ಲಿ ಅದು ಹೌದು.

ಕಾರಿನ ಪಾಠವೂ ಅಂಥದ್ದೇ. ಸುವೊನ್‌ಗೆ ಗ್ರಾಹಕರನ್ನು ನೋಡೋಕೆ ಹೊರಟಾಗ ಬುಜಾಂಗ್‌ನಿಮ್ ತಾವೇ ಕಾರು ಓಡಿಸುವವರಿದ್ದರು. ಹಿರಿಯರ ಪಕ್ಕ ಕೂರುವುದು ಬೇಡ ಅಂತ ನಾನು ಹಿಂದಿನ ಬಾಗಿಲು ತೆಗೆದೆ. ಗ್ವಾಜಾಂಗ್‌ನಿಮ್ ಮೆಲ್ಲಗೆ ನನ್ನ ತೋಳು ಹಿಡಿದು ಮುಂದೆ ತೋರಿಸಿದರು. ಹಿರಿಯರೇ ಓಡಿಸುವಾಗ ಎಲ್ಲರೂ ಹಿಂದೆ ಕೂತರೆ ಅವರನ್ನು ಡ್ರೈವರ್ ಮಾಡಿದ ಹಾಗೆ. ಮೀಟಿಂಗ್ ರೂಮಿನಲ್ಲಿ ಬಾಗಿಲಿಗೆ ದೂರದ ಸೀಟು ದೊಡ್ಡವರದ್ದು, ಬಾಗಿಲ ಹತ್ತಿರದ್ದು ಚಿಕ್ಕವರದ್ದು.

ಆ ಗ್ರಾಹಕರು ನಮ್ಮ ಡೆಮೊ ಪೂರ್ತಿ ನೋಡಿದರು. ಒಳ್ಳೆಯ ಪ್ರಶ್ನೆ ಕೇಳಿದರು. ಕೊನೆಗೆ "ಗೊಮ್ತೊ ಹೆ ಬೊಗೆಸ್ಸುಮ್ನಿದಾ" ಅಂದರು. ಪರಿಶೀಲಿಸಿ ನೋಡುತ್ತೇವೆ ಅಂತ. ನಾನು ಅವತ್ತೇ ಬೆಂಗಳೂರಿಗೆ ಬರೆದೆ, ಆಸಕ್ತಿ ಇದೆ, ತಯಾರಾಗಿರಿ. ಮೂರು ವಾರ ಏನೂ ಸುದ್ದಿ ಇಲ್ಲ. ಬುಜಾಂಗ್‌ನಿಮ್‌ಗೆ ಆಶ್ಚರ್ಯವೇ ಆಗಲಿಲ್ಲ. "ಅವತ್ತೇ ಬೇಡ ಅಂದರಲ್ಲ" ಅಂದರು. ಆಗ ಹೊಳೆಯಿತು. ನಮ್ಮ "ನೋಡೋಣ" ಇದು! ಚಂದಾ ಕೇಳಲು ಬಂದವರಿಗೆ, ಹುಡುಗಿ ನೋಡಿ ಹೋಗುವಾಗ, ಸಾಲ ಕೇಳಿದ ನೆಂಟರಿಗೆ ನಾವು ಹೇಳುವ ನೋಡೋಣ. ಎದುರಿಗಿರುವವರ ಮುಖ ಬಾಡಬಾರದು ಅಂತ ಹೇಳುವ ಮಾತು. "ಸ್ವಲ್ಪ ಕಷ್ಟ" ಅಂದರೂ ಅಷ್ಟೇ, ಆಗಲ್ಲ ಅಂತ. ನಿಜವಾಗಿ ಬೇಕಿದ್ದರೆ ಅವರು ಕಾಯುವುದೇ ಇಲ್ಲ. ಪಲ್ಲಿ ಪಲ್ಲಿ, ಅಂದರೆ ಬೇಗ ಬೇಗ, ಅನ್ನುವುದು ಈ ದೇಶದ ಉಸಿರು. ಒಪ್ಪಿದ ಗ್ರಾಹಕರು ಅದೇ ಸಂಜೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಬರುತ್ತೀರಾ ಅಂತ ಕೇಳುತ್ತಾರೆ.

ಊರಿಗೆ ಹೋಗಿ ಬಂದಾಗ ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಗಳನ್ನು ತಂದಿದ್ದೆ. ತಂಡದವರು ಎರಡೂ ಕೈಯಲ್ಲಿ ತಗೊಂಡರು, ಯಾರೂ ನನ್ನ ಎದುರಿಗೆ ಬಿಚ್ಚಲಿಲ್ಲ. ಅದು ಅವರ ರೀತಿ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ಬರಿಗೂ ಒಂದು ಕೊಡಲು ಹೋದೆ. ಅವರು ಪೆಟ್ಟಿಗೆಯನ್ನು ಎರಡೂ ಕೈಯಿಂದ ನನಗೇ ತಿರುಗಿ ಕೊಟ್ಟು, "ಮನಸ್ಸು ಮಾತ್ರ ತಗೊಳ್ಳುತ್ತೇನೆ" ಅಂದರು. ಇದು ಬರೀ ಶಿಷ್ಟಾಚಾರ ಅಲ್ಲ, ಲಂಚ ತಡೆಯುವ ಕಾನೂನು. 2016ರ ಸೆಪ್ಟೆಂಬರ್ 28ರಿಂದ ಜಾರಿಯಲ್ಲಿದೆ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಕಿಮ್ ಯಂಗ್-ರಾನ್ ಅವರ ಹೆಸರಿನಿಂದಲೇ ಜನ ಅದನ್ನು ಕರೆಯುತ್ತಾರೆ. ಸರ್ಕಾರಿ ನೌಕರರು, ಶಿಕ್ಷಕರು, ಪತ್ರಕರ್ತರು ಎಲ್ಲರೂ ಅದರೊಳಗೆ ಬರುತ್ತಾರೆ. ಕೊರಿಯಾದಲ್ಲಿ ವ್ಯವಹಾರ ಮಾಡುವವರು ಉಡುಗೊರೆ ಕೊಳ್ಳುವ ಮೊದಲು ಎದುರಿನವರು ಯಾವ ಕೆಲಸದಲ್ಲಿದ್ದಾರೆ ನೋಡಿಕೊಳ್ಳಲೇಬೇಕು. ನಾನು ಕೊಟ್ಟ ಒಂದು ಪೆಟ್ಟಿಗೆಯಿಂದ ಅವರಿಗೆ ತೊಂದರೆ ಆಗಬಹುದಿತ್ತು ಅಂತ ಗೊತ್ತಾದಾಗ ನಿಜಕ್ಕೂ ಬೇಜಾರಾಯಿತು.

ಎಲ್ಲರೂ ನನ್ನನ್ನು ಕೇಳುವುದು ಹ್ವೇಸಿಕ್ ಬಗ್ಗೆ. ಕೆಲಸ ಮುಗಿದ ಮೇಲೆ ತಂಡವೆಲ್ಲ ಸೇರಿ ಮಾಡುವ ಊಟ. ನಾನು ಮಾಂಸ ತಿನ್ನಲ್ಲ, ಕುಡಿಯಲ್ಲ. ಮೊದಲ ಹ್ವೇಸಿಕ್ ಹಂದಿ ಮಾಂಸ ಸುಡುವ ಹೋಟೆಲಿನಲ್ಲಿ. ಮೇಜಿನ ನಡುವೆ ಕೆಂಡ, ಎಲ್ಲ ಕಡೆ ಹೊಗೆ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರು ಮಾಂಸ ಸುಡಬೇಕು, ಚಮಚ ಜೋಡಿಸಬೇಕು, ನೀರು ಹಾಕಬೇಕು. ಸುಡುವ ಕೆಲಸ ನನ್ನಿಂದ ಆಗಲ್ಲ ಅಂತ ಹೇಳಿ, ಎಲ್ಲರಿಗಿಂತ ಚಿಕ್ಕವನಾಗಿದ್ದ ಹುಡುಗನಿಂದ ಚಮಚ ಮತ್ತು ನೀರಿನ ಕೆಲಸ ನಾನು ತಗೊಂಡೆ. ಪ್ರತಿಯೊಬ್ಬರ ಮುಂದೆ ಒಂದು ಕಾಗದ ಹಾಸಿ ಅದರ ಮೇಲೆ ಚಮಚ, ಊಟದ ಕಡ್ಡಿ (ಚಾಪ್‌ಸ್ಟಿಕ್) ಇಟ್ಟೆ. ದೊಡ್ಡವರು ಚಮಚ ಎತ್ತುವ ತನಕ ಯಾರೂ ಎತ್ತುವುದಿಲ್ಲ. ಕಡ್ಡಿಯನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಸತ್ತವರಿಗೆ ಎಡೆ ಇಟ್ಟ ಹಾಗೆ ಕಾಣುತ್ತೆ. ನಮ್ಮಲ್ಲಿ ಊಟದ ಎಲೆಯ ತುದಿ ಯಾವ ಕಡೆ ಬರಬೇಕು ಅಂತ ಅಜ್ಜಿ ಗದರುತ್ತಿದ್ದರಲ್ಲ, ಹಾಗೆ.

ತಮ್ಮ ಲೋಟಕ್ಕೆ ತಾವೇ ಹಾಕಿಕೊಳ್ಳುವುದಿಲ್ಲ. ಇನ್ನೊಬ್ಬರು ಹಾಕಬೇಕು, ಅದೂ ಲೋಟ ಪೂರ್ತಿ ಖಾಲಿಯಾದ ಮೇಲೆ. ಬಾಟಲಿಗೂ ಎರಡು ಕೈ, ಲೋಟಕ್ಕೂ ಎರಡು ಕೈ. ಹಿರಿಯರ ಎದುರು ಕುಡಿಯುವಾಗ ಚಿಕ್ಕವರು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ. ನಾನು ಕುಡಿಯಲ್ಲ ಅಂದಾಗ ಬುಜಾಂಗ್‌ನಿಮ್ ಒತ್ತಾಯ ಮಾಡಲಿಲ್ಲ. ಸೊಜು ಅನ್ನುವ ಇಲ್ಲಿನ ಮದ್ಯದ ಪುಟ್ಟ ಲೋಟಕ್ಕೆ ಸೈಡರ್ ಹಾಕಿಕೊಟ್ಟರು. ಇಲ್ಲಿ ಸೈಡರ್ ಅಂದರೆ ನಿಂಬೆಯ ಸೋಡಾ, ಅಮಲಿನದ್ದಲ್ಲ. ಅದನ್ನೂ ನಾನು ಎರಡು ಕೈಯಲ್ಲಿ ತಗೊಂಡು, ಮುಖ ತಿರುಗಿಸಿ ಕುಡಿದೆ. ಲೋಟದಲ್ಲಿ ಏನಿದೆ ಅನ್ನುವುದು ಯಾರಿಗೂ ಮುಖ್ಯವಾಗಿರಲಿಲ್ಲ. ಹಿಂದೆ ಹೀಗಿರಲಿಲ್ಲ ಅಂತ ಗ್ವಾಜಾಂಗ್‌ನಿಮ್ ಹೇಳಿದರು. ರಾತ್ರಿ ಎರಡು ಗಂಟೆಯ ತನಕ ಮೂರು ಕಡೆ ಸುತ್ತಾಟ, ಬೇಡ ಅಂದರೂ ಬಿಡದೆ ಕುಡಿಸುವುದು, ಹೆಂಗಸರನ್ನು ಸಾಹೇಬರ ಪಕ್ಕ ಕೂರಿಸುವುದು ಎಲ್ಲ ನಡೆಯುತ್ತಿತ್ತಂತೆ. 2018ರಲ್ಲಿ ವಾರಕ್ಕೆ 52 ಗಂಟೆ ಕೆಲಸದ ಮಿತಿ ಬಂತು. 2019ರ ಜುಲೈಯಲ್ಲಿ ಕೆಲಸದ ಜಾಗದ ಕಿರುಕುಳವನ್ನು ತಡೆಯುವ ನಿಯಮ ಬಂತು. ಆಮೇಲೆ ಕೊರೊನಾ. ಈಗ ನಮ್ಮ ತಂಡದಲ್ಲಿ ಅರ್ಧ ಹ್ವೇಸಿಕ್ ಮಧ್ಯಾಹ್ನದ ಊಟವೇ. ಬದಲಾಗಿದ್ದು ಒಳ್ಳೆಯದಾಯಿತು ಅಂತ ನಾನು ಜೋರಾಗಿಯೇ ಹೇಳುತ್ತೇನೆ.

ಆ ಮೊದಲ ಹ್ವೇಸಿಕ್ ದಿನ ನಾನು ತಿಂದದ್ದು ಅನ್ನ, ಸೊಪ್ಪಿನ ಎಲೆ ಮತ್ತು ಬೆಳ್ಳುಳ್ಳಿ. ಹುಳಿ ಬರಿಸಿದ ಸೋಯಾದ ಸಾರು ಕೂಡ ಸಾಮಾನ್ಯವಾಗಿ ಒಣ ಮೀನಿನ ನೀರಿನಲ್ಲೇ ಆಗುತ್ತೆ, ಉಪ್ಪಿನಕಾಯಿಯಂಥ ಕಿಮ್ಚಿಗೆ ಮೀನಿನ ಉಪ್ಪುರಸ ಬೀಳುತ್ತೆ. ನಾನು ಏನೂ ದೂರಲಿಲ್ಲ. ಆದರೆ ಮುಂದಿನ ಸಲ ಹ್ವೇಸಿಕ್ ಇದ್ದದ್ದು ತೋಫು ಹೋಟೆಲಿನಲ್ಲಿ. ಅಲ್ಲಿ ಹೋದ ಕೂಡಲೇ ಅಡುಗೆಯಾಕೆ ಬಂದು, ಮೀನಿನ ನೀರು ಹಾಕದ ಬಟ್ಟಲು ಯಾರಿಗೆ ಅಂತ ಕೇಳಿದರು. ಬುಜಾಂಗ್‌ನಿಮ್ ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದರು. ನನಗೆ ಏನೂ ಹೇಳಿರಲಿಲ್ಲ. ಅದು ಅವರ ನುಂಚಿ.

2024ರ ಫೆಬ್ರವರಿಯಲ್ಲಿ ಅವರ ತಾಯಿ ತೀರಿಕೊಂಡರು.

ಬೆಳಿಗ್ಗೆ ಕಾಕಾವೊಟಾಕ್ ಅನ್ನುವ ಮೆಸೇಜ್ ಆ್ಯಪ್‌ನಲ್ಲಿ ಸುದ್ದಿ ಬಂತು. ದೇಗು ನಗರದ ಆಸ್ಪತ್ರೆ, ರೂಮಿನ ನಂಬರು, ಎತ್ತುವ ದಿನ. ಇಲ್ಲಿ ಸಾಮಾನ್ಯವಾಗಿ ಮೂರು ದಿನದ ಕಾರ್ಯ. ದೊಡ್ಡ ಆಸ್ಪತ್ರೆಗಳಲ್ಲೇ ಅದಕ್ಕೆ ಹಾಲ್‌ಗಳಿವೆ. ಸಾಯಂಕಾಲ ನಾವು ಐದು ಜನ ಸುಸೊ ನಿಲ್ದಾಣದಿಂದ ರೈಲು ಹತ್ತಿದೆವು. ಎಲ್ಲರೂ ಕಪ್ಪು ಬಟ್ಟೆ, ಕಪ್ಪು ಕಾಲುಚೀಲ. ಶೂ ಬಿಚ್ಚಬೇಕಲ್ಲ, ಬರಿಗಾಲು ಕಾಣಬಾರದು. ದಾರಿಯಲ್ಲಿ ಗ್ವಾಜಾಂಗ್‌ನಿಮ್ ಬಿಳಿ ಲಕೋಟೆ ಕೊಟ್ಟು, ಹಿಂದುಗಡೆ ಎಡಕ್ಕೆ ಉದ್ದುದ್ದ ಹೆಸರು ಬರೆಯಿರಿ ಅಂದರು. ನಾನು 50 ಸಾವಿರ ವೊನ್ ಇಟ್ಟೆ. 30, 50, 70 ಸಾವಿರ ಹೀಗೆ ಬೆಸವಾಗಿ ಇಡುವುದು ವಾಡಿಕೆ, 100 ಸಾವಿರ ಆದರೂ ಸರಿ. ಮದುವೆಗೂ ಇದೇ ಲೆಕ್ಕ. ಯಾರು ಎಷ್ಟು ಕೊಟ್ಟರು ಅಂತ ಮನೆಯವರು ಬರೆದಿಟ್ಟು, ನಾಳೆ ಅವರ ಮನೆಯ ಕಾರ್ಯಕ್ಕೆ ಅಷ್ಟನ್ನು ಮರಳಿಸುತ್ತಾರೆ. ನಮ್ಮ ಮುಯ್ಯಿ ಪುಸ್ತಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಕೋಟೆ ಆದ ಮೇಲೆ ನೋಡಿಕೊಳ್ಳಬೇಕಾದದ್ದು ಕೈ. ಉಳಿದ ದಿನ ಹೆಂಗಸರು ಕೈ ಜೋಡಿಸಿ ನಿಲ್ಲುವಾಗ ಬಲಗೈ ಮೇಲೆ. ಸಾವಿನ ಮನೆಯಲ್ಲಿ ಮಾತ್ರ ಎಡಗೈ ಮೇಲೆ. ಗಂಡಸರಿಗೆ ಇದರ ಉಲ್ಟಾ. ರೈಲಿನಲ್ಲೇ ನಾನು ಹತ್ತು ಸಲ ಕೈ ಜೋಡಿಸಿ ನೋಡಿಕೊಂಡೆ.

ಹಾಲ್‌ನ ಮುಂದೆ ಬಿಳಿ ಹೂವಿನ ದೊಡ್ಡ ದೊಡ್ಡ ಚಕ್ರಗಳು, ಅವುಗಳಿಗೆ ಕಳಿಸಿದವರ ಹೆಸರಿನ ಪಟ್ಟಿಗಳು. ಒಳಗೆ ತಾಯಿಯ ಫೋಟೊ, ಸುತ್ತ ಸೇವಂತಿಗೆ. ಊದುಬತ್ತಿ ಹಚ್ಚಿದೆ. ಬೆಂಕಿಯನ್ನು ಬಾಯಿಂದ ಊದಬಾರದು, ಕೈ ಬೀಸಿ ಆರಿಸಬೇಕು. ಅದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಂಡಿಯೂರಿ, ಹಣೆ ನೆಲದ ಹತ್ತಿರ ತಂದು ಎರಡು ಸಲ ನಮಸ್ಕಾರ. ಸತ್ತವರಿಗೆ ಎರಡು, ಬದುಕಿದ್ದವರಿಗೆ ಒಂದು. ಚಿಕ್ಕಂದಿನಿಂದ ಹಬ್ಬಕ್ಕೆಲ್ಲ ಅಜ್ಜಿಗೆ ಮಾಡಿದ ನಮಸ್ಕಾರವೇ ಅದು. ಮೈಗೆ ಗೊತ್ತಿತ್ತು. ಆಮೇಲೆ ಪಕ್ಕಕ್ಕೆ ತಿರುಗಿ, ತೋಳಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಬುಜಾಂಗ್‌ನಿಮ್‌ಗೆ ಒಂದು ನಮಸ್ಕಾರ. ಅವರೂ ನೆಲಕ್ಕೆ ಬಾಗಿದರು. ಆ ಹೊತ್ತಿಗೆ ನನ್ನ ಮೇಲಧಿಕಾರಿಯ ಹಣೆ ಮತ್ತು ನನ್ನ ಹಣೆ ಒಂದೇ ಎತ್ತರದಲ್ಲಿದ್ದವು. ಕಲಿತು ಹೋಗಿದ್ದ ಸಾಂತ್ವನದ ಮಾತು ಬಾಯಿಗೆ ಬರಲಿಲ್ಲ. ಏನೂ ಹೇಳದಿದ್ದರೂ ತಪ್ಪಿಲ್ಲ ಅಂತ ಗ್ವಾಜಾಂಗ್‌ನಿಮ್ ಮೊದಲೇ ಹೇಳಿದ್ದರು.

ನನಗೆ ನಿಜವಾಗಿ ಕಷ್ಟವಾಗಿದ್ದು ಊಟ. ನಮ್ಮ ಕಡೆ ಸಾವಿನ ಮನೆಯಿಂದ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಏನೂ ಮುಟ್ಟುವುದಿಲ್ಲ. ಇಲ್ಲಿ ಕೂತು ಉಂಡು ಹೋಗಬೇಕು. ಜನ ಉಣ್ಣುತ್ತಾ ಕೂತಿದ್ದರೆ ಮನೆಯವರು ರಾತ್ರಿಯೆಲ್ಲ ಒಂಟಿಯಾಗಿರುವುದಿಲ್ಲ. ಲೋಟ ತಾಗಿಸಿ ಸದ್ದು ಮಾಡಬಾರದು, ಅಷ್ಟೇ. ಪಕ್ಕದ ಹಾಲ್‌ಗೆ ಹೋಗಿ ಕೂತೆವು. ಕಾಗದದ ಬಟ್ಟಲು, ಲೋಟಗಳ ಮೇಲೆ ನಮ್ಮ ಕಂಪನಿಯ ಹೆಸರು. ನೌಕರರ ಮನೆಯ ಸಾವಿಗೆ ಕಂಪನಿಯೇ ಇದನ್ನೆಲ್ಲ ಕಳಿಸುತ್ತೆ. ಎಲ್ಲರ ಮುಂದೆ ದನದ ಮಾಂಸದ ಕೆಂಪು ಸಾರು ಬಂತು. ನಾನು ನನ್ನ ಬಟ್ಟಲನ್ನು ಸದ್ದಿಲ್ಲದೆ ಪಕ್ಕದ ಹುಡುಗನ ಕಡೆ ಸರಿಸಿ, ಬರೀ ಅನ್ನ ತಿನ್ನತೊಡಗಿದೆ.

ಸ್ವಲ್ಪ ಹೊತ್ತಿಗೆ ಬುಜಾಂಗ್‌ನಿಮ್ ನಮ್ಮ ಮೇಜಿಗೆ ಬಂದರು. ಬಂದವರ ಹತ್ತಿರ ಒಂದೆರಡು ನಿಮಿಷ ಕೂತು ಏಳುವುದು ಮನೆಯವರ ಪದ್ಧತಿ. ಎರಡು ರಾತ್ರಿ ನಿದ್ದೆ ಇಲ್ಲದ ಮುಖ. ಚಾಜಾಂಗ್‌ನಿಮ್ ಜೊತೆ ರೈಲಿನ ಬಗ್ಗೆ ಏನೋ ಮಾತಾಡಿದರು. ಆಮೇಲೆ ನನ್ನ ಮುಂದಿದ್ದ ಬರೀ ಅನ್ನ ನೋಡಿದರು. ಮೇಜಿನ ಆ ತುದಿಯಲ್ಲಿದ್ದ ಅಕ್ಕಿ ಕಡುಬಿನ ತಟ್ಟೆಯನ್ನೂ ಎರಡು ಕಿತ್ತಳೆಯನ್ನೂ ಎತ್ತಿ ತಂದು ನನ್ನ ಮುಂದೆ ಇಟ್ಟರು. ಎರಡೂ ಕೈಯಲ್ಲಿ.

"ಬಾಪ್ ಮೊಗೊಸ್ಸೊ?" ಅಂದರು.

ನಾನು "ನೇ" ಅಂದೆ. ಅವರು ಎದ್ದು ಮುಂದಿನ ಮೇಜಿಗೆ ಹೋದರು.

ವಾಪಸ್ ಬರುವಾಗ ರೈಲಿನಲ್ಲಿ ಎಲ್ಲರೂ ಮಲಗಿದ್ದರು. ಗ್ವಾಜಾಂಗ್‌ನಿಮ್ ಮಾತ್ರ ಎಚ್ಚರವಾಗಿದ್ದರು. ತುಂಬಾ ಹೊತ್ತಿನ ಮೇಲೆ, ಕಿಟಕಿ ಕಡೆ ನೋಡುತ್ತಲೇ ಕೇಳಿದರು, "ಯೊ ಬಿಟ್ಟರು, ಗಮನಿಸಿದ್ರಾ?"

ಗಮನಿಸಿದ್ದೆ.